ನಾಲೆ ಹರಿದರೆ ಪೇಟೆ ಬೀದಿಗೂ ಕಳೆ!

ಬೆಂಗಳೂರಿನಲ್ಲಿ ನಾನ್‌ಸ್ಟಾಪ್ ಬಸ್ಸು ಹತ್ತಿ ಕಣ್ಣು ಮುಚ್ಚಿದವರು ಈಗ ಮಂಡ್ಯವನ್ನು ನೋಡದೆಯೇ ಮೈಸೂರಿನಲ್ಲಿ ಇಳಿಯುತ್ತಾರೆ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ಉದ್ಘಾಟಿಸಿದ 118 ಕಿಲೋಮೀಟರ್ ಉದ್ದದ ದಶಪಥ ಹೆದ್ದಾರಿ ಮಂಡ್ಯ ನಗರವನ್ನು ಪಕ್ಕಕ್ಕೆ ಬಿಟ್ಟು ಸುತ್ತಿ ಹೋಗುತ್ತದೆ. ಸಂಜಯ ವೃತ್ತವಿಲ್ಲ, ಸರ್ ಎಂ.ವಿ. ಪ್ರತಿಮೆಯಿಲ್ಲ, ಕಾರ್ಖಾನೆ ಕಡೆಯಿಂದ ಬೀಸುವ ಕಾಕಂಬಿ ವಾಸನೆಯೂ ಇಲ್ಲ. ಕಿಟಕಿಯಾಚೆ ಒಂದಷ್ಟು ಗದ್ದೆ, ಒಂದಷ್ಟು ತೆಂಗು. ಅಷ್ಟೇ ಮಂಡ್ಯ!

ಪ್ರಯಾಣಿಕರಿಗೆ ಅನುಕೂಲವಾಯಿತು, ಇಲ್ಲವೆನ್ನುವಂತಿಲ್ಲ. ಆದರೆ ಹಳೇ ರಸ್ತೆಯ ಹೋಟೆಲಿನವರನ್ನು, ಎಳನೀರಿನವರನ್ನು, ಮದ್ದೂರಿನಲ್ಲಿ ವಡೆ ಬುಟ್ಟಿ ಹೊತ್ತು ಬಸ್ಸಿನಿಂದ ಬಸ್ಸಿಗೆ ಓಡುತ್ತಿದ್ದವರನ್ನು ಕೇಳಿದರೆ ಮಾತೇ ಬೇರೆ. "ಹೆದ್ದಾರಿ ಹೋಯ್ತು, ಯಾಪಾರಾನೂ ಹೋಯ್ತು" ಎನ್ನುವ ಮಾತು ಈಗ ಎಲ್ಲರ ಬಾಯಲ್ಲೂ ಇದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಮಂಡ್ಯ ಪಟ್ಟಣವನ್ನು ಬೆಳೆಸಿದ್ದು ರಸ್ತೆಯೇ? ರಸ್ತೆಯೇ ಆಗಿದ್ದರೆ, ರಸ್ತೆ ಸರಿದ ಮೇಲೆ ಊರು ಸೊರಗಲೇಬೇಕು. ಈ ಊರಿನ ಚರಿತ್ರೆ ಹೇಳುವುದೇ ಬೇರೆ. ಬೆಂಗಳೂರು–ಮೈಸೂರು ರಸ್ತೆ ಬಹಳ ಹಳೆಯದು. ರೈಲು ಹಳಿ ಕೂಡ 1882ರ ಹೊತ್ತಿಗೇ ಮೈಸೂರು ಮುಟ್ಟಿತ್ತು. ರಸ್ತೆ, ರೈಲು ಎರಡೂ ಇದ್ದು, ಆಮೇಲೂ ಐವತ್ತು ವರ್ಷ ಮಂಡ್ಯ ಒಂದು ಸಣ್ಣ ಊರಾಗಿಯೇ ಇತ್ತು. ಅದನ್ನು ಪಟ್ಟಣ ಮಾಡಿದ್ದು ನೀರು.

ಋಷಿಯ ಊರು, ರಾಗಿಯ ನಾಡು

ಮಾಂಡವ್ಯ ಎಂಬ ಋಷಿ ಇಲ್ಲಿ ತಪಸ್ಸು ಮಾಡಿದ್ದರಿಂದ ಮಂಡ್ಯ ಎಂಬ ಹೆಸರು ಬಂತೆಂದು ಸ್ಥಳಪುರಾಣ ಹೇಳುತ್ತದೆ. ಊರಿನ ಲಕ್ಷ್ಮೀಜನಾರ್ದನಸ್ವಾಮಿ ದೇವಸ್ಥಾನ, ಕಾಳಿಕಾಂಬ ದೇವಸ್ಥಾನ, ಗುತ್ತಲಿನ ಅರ್ಕೇಶ್ವರ ದೇವಸ್ಥಾನಗಳಿಗೆ ಭಕ್ತರು ಇಂದಿಗೂ ನಡೆದುಕೊಳ್ಳುತ್ತಾರೆ. ಮಂಡ್ಯಂ ಶ್ರೀವೈಷ್ಣವರೆಂದು ಹೆಸರಾದ ಮನೆತನಗಳು ದೇಶದ ಎಲ್ಲೆಲ್ಲೋ ನೆಲೆಸಿದ್ದರೂ ತಮ್ಮ ಹೆಸರಿನ ಜೊತೆಗೆ ಈ ಊರನ್ನೇ ಕಟ್ಟಿಕೊಂಡಿವೆ.

ಹೆಸರು ಹಳೆಯದಾದರೂ ಹೊಟ್ಟೆ ತುಂಬಿದ್ದು ತಡವಾಗಿ. ಪಕ್ಕದ ಶ್ರೀರಂಗಪಟ್ಟಣ ಸೀಮೆಗೆ ಕಾವೇರಿಯ ಹಳೇ ನಾಲೆಗಳ ನೀರಿತ್ತು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಎತ್ತರದ ಭೂಮಿಗೆ ಮಳೆಯೇ ಗತಿ. ರಾಗಿ, ಜೋಳ, ಹುರುಳಿ, ಅಲ್ಲೊಂದು ಇಲ್ಲೊಂದು ಕೆರೆ ಕೆಳಗಿನ ಗದ್ದೆ, ಕುರಿ ಮಂದೆ. ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಯ ಹೆಸರು ಇವತ್ತಿಗೂ ಮಾಂಸದ ಅಂಗಡಿಗಳಲ್ಲಿ ಚಾಲ್ತಿಯಲ್ಲಿದೆ. ಅದು ಆ ಒಣಭೂಮಿಯ ಆಸ್ತಿ.

ಕಟ್ಟೆ ಕಟ್ಟಿದ್ದು, ಬೆಟ್ಟ ಕೊರೆದದ್ದು

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಆಗ ಸರ್ ಎಂ. ವಿಶ್ವೇಶ್ವರಯ್ಯ ಮೈಸೂರಿನ ಮುಖ್ಯ ಎಂಜಿನಿಯರು, ಮರುವರ್ಷ ದಿವಾನರು. ಸಿಮೆಂಟು ಬಳಸದೆ ಸುರ್ಕಿ ಗಾರೆಯಲ್ಲಿ ಕಟ್ಟಿದ ಅಣೆಕಟ್ಟು. ಹಳೇ ಕನ್ನಂಬಾಡಿಯೇ ನೀರಿನಲ್ಲಿ ಮುಳುಗಿ ಹೋಯಿತು. ಕೆಲಸ ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ಮದರಾಸಿನವರ ತಕರಾರು ಬಗೆಹರಿದು ಒಪ್ಪಂದವಾದದ್ದೇ 1924ರಲ್ಲಿ.

ಕಟ್ಟೆಯೇನೋ ಕಟ್ಟಬಹುದು, ನೀರು ಈ ಎತ್ತರದ ಸೀಮೆಗೆ ಬರಬೇಕಲ್ಲ? ನಡುವೆ ಕರೀಘಟ್ಟದ ಸಾಲು. ಹುಲಿಕೆರೆಯ ಹತ್ತಿರ ಬೆಟ್ಟದ ಹೊಟ್ಟೆಯನ್ನೇ ಸೀಳಿ ಮೈಲಿಗೂ ಹೆಚ್ಚು ಉದ್ದದ ಸುರಂಗ ತೋಡಿದರು. ಅದರೊಳಗಿಂದ ಕಾವೇರಿ ಈಚೆಗೆ ಬಂದಳು. ಆಗಿನ ವೈಸರಾಯ್ ಹೆಸರಿನಲ್ಲಿ ಇರ್ವಿನ್ ನಾಲೆ ಎಂದು ಕರೆದರು. ಇಂದು ಅದೇ ವಿಶ್ವೇಶ್ವರಯ್ಯ ನಾಲೆ, ಜನರ ಬಾಯಲ್ಲಿ 'ವಿ.ಸಿ. ನಾಲೆ'. ಒಂದು ಲಕ್ಷ ಎಕರೆಗೂ ಮೀರಿದ ಭೂಮಿ ಇದರ ನೀರು ಕುಡಿಯಿತು.

ನೀರು ಬಂದ ತಕ್ಷಣ ಸುಖ ಬರಲಿಲ್ಲ. ಮೊದಲು ಬಂದದ್ದು ಮಲೇರಿಯಾ! ನಿಂತ ನೀರು, ಸೊಳ್ಳೆ, ಚಳಿಜ್ವರ. ರಾಗಿ ಹೊಲ ಗೇಯ್ದು ಗೊತ್ತಿದ್ದ ಜನ ಗದ್ದೆ ಮಾಡುವುದನ್ನು ಕಲಿಯಬೇಕಾಯಿತು. ನೀರನ್ನು ಹಂಚಲು ಸರ್ಕಾರ 'ಬ್ಲಾಕ್ ಪದ್ಧತಿ' ತಂದಿತು. ಒಂದು ಭಾಗದಲ್ಲಿ ಕಬ್ಬು, ಒಂದು ಭಾಗದಲ್ಲಿ ಭತ್ತ, ಇನ್ನೊಂದು ಭಾಗದಲ್ಲಿ ಕಡಿಮೆ ನೀರಿನ ಬೆಳೆ. ಮೂರು ವರ್ಷಕ್ಕೊಂದು ಸುತ್ತು. ಭೂಮಿಗೂ ಉಸಿರು, ಕೊನೆ ಭಾಗದ ರೈತನಿಗೂ ನೀರು ಎಂಬುದು ಲೆಕ್ಕ. ಕಬ್ಬು ಭತ್ತದ ಆಸೆಗೆ ಆ ಲೆಕ್ಕ ಕ್ರಮೇಣ ತಪ್ಪಿತು. ಮದ್ದೂರು, ಮಳವಳ್ಳಿ ಕಡೆಯ ಕೊನೆ ಭಾಗದವರು "ನಮ್ಗೆ ನೀರೇ ಬರಾಕಿಲ್ಲ" ಎಂದು ಇಂದಿಗೂ ಕೂಗುವುದಕ್ಕೆ ಬೇರು ಅಲ್ಲಿದೆ.

ಕಾರ್ಖಾನೆ ಬಂತು, ಜಿಲ್ಲೆಯೂ ಬಂತು

ಕಬ್ಬು ಬೆಳೆದರೆ ಅರೆಯಬೇಕು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಲೆಸ್ಲಿ ಕೋಲ್ಮನ್ ಕೆನಡಾ ದೇಶದವರು. ಅಡಿಕೆಯ ಕೊಳೆರೋಗಕ್ಕೆ ಮದ್ದು ತೋರಿಸಿದ ಪುಣ್ಯಾತ್ಮರೆಂದು ಮಲೆನಾಡಿಗರೂ ನೆನೆಯುತ್ತಾರೆ. ಅವರ ಮುತುವರ್ಜಿಯಿಂದ, ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅದೇ 'ಮೈಷುಗರ್'. ಊರಿಗೆ 'ಸಕ್ಕರೆ ನಗರ' ಎಂಬ ಬಿರುದು ಅಂಟಿದ್ದು ಅಲ್ಲಿಂದ.

ಆಮೇಲೆ ನೋಡಿ ಊರಿನ ಓಟ! ಗಾಡಿ ಮೇಲೆ ಗಾಡಿ ಕಬ್ಬು ಬಂತು. ಗಾಡಿ ಹೊಡೆದು ಬಂದ ರೈತನಿಗೆ ಟೀ ಬೇಕು, ಬೀಡಿ ಬೇಕು, ಎತ್ತಿಗೆ ಲಾಳ ಬೇಕು. ಕಬ್ಬಿನ ದುಡ್ಡು ಕೈಗೆ ಬಂದ ದಿನ ಹೆಂಡತಿಗೆ ಸೀರೆ, ಮಗಳಿಗೆ ಓಲೆ ಬೇಕು. ಪೇಟೆ ಬೀದಿಯ ಬಟ್ಟೆ ಅಂಗಡಿ, ಬೆಳ್ಳಿಬಂಗಾರದ ಅಂಗಡಿ, ಕಬ್ಬಿಣದ ಅಂಗಡಿಗಳ ವ್ಯಾಪಾರ ಕುದುರಿತು. 1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಏಳು ತಾಲ್ಲೂಕುಗಳ ಮಂಡ್ಯ ಜಿಲ್ಲೆ ಹುಟ್ಟಿತು. ಕಾರ್ಖಾನೆ ಶುರುವಾಗಿ ಆರೇ ವರ್ಷಕ್ಕೆ ಊರಿಗೆ ಜಿಲ್ಲಾಕೇಂದ್ರದ ಪಟ್ಟ!

ಇಲ್ಲೊಂದು ಸ್ವಾರಸ್ಯವಿದೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದ್ವಾಂಸೆ 1954ರಲ್ಲಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಅಧ್ಯಯನಕ್ಕೆ ಕೂತರು. 1962ರಲ್ಲಿ ಬಂದ ಅವರ ಪುಸ್ತಕದಲ್ಲಿ ಆ ಹಳ್ಳಿಗಳಿಗೆ ಮಾರುಹೆಸರು ಕೊಟ್ಟಿದ್ದಾರೆ. ಒಂದಕ್ಕೆ ನಾಲೆ ನೀರು ಸಿಕ್ಕಿತ್ತು, ಇನ್ನೊಂದು ಎತ್ತರದಲ್ಲಿದ್ದು ಒಣಗಿತ್ತು. ನೀರು ಸಿಕ್ಕ ಹಳ್ಳಿ ಹೆಚ್ಚು ಬದಲಾಗಿರಬೇಕು ಎಂದು ಯಾರಾದರೂ ಹೇಳುತ್ತಾರೆ. ಆದದ್ದು ತಿರುವುಮುರುವು. ನೀರು ಸಿಕ್ಕವರು ಗದ್ದೆಯಲ್ಲೇ ನೆಮ್ಮದಿಯಾಗಿದ್ದು ಹಳೇ ಪದ್ಧತಿಗಳನ್ನೇ ಮುಂದುವರಿಸಿದರು. ನೀರು ಸಿಗದವರು ಸುಮ್ಮನೆ ಕೂರಲಿಲ್ಲ. ಗಾಡಿ ಬಾಡಿಗೆ ಹೊಡೆದರು, ಮಂಡ್ಯದಲ್ಲಿ ನೌಕರಿ ಹಿಡಿದರು, ವ್ಯಾಪಾರಕ್ಕಿಳಿದರು, ನೀರಾವರಿಯಾದ ಪಕ್ಕದೂರುಗಳಲ್ಲಿ ಜಮೀನು ಕೊಂಡರು. ಅವರ ಬದುಕೇ ಬದಲಾಯಿತು.

ಅಂದರೆ ಮಂಡ್ಯ ಪಟ್ಟಣವನ್ನು ಕಟ್ಟಿದ್ದು ನೀರು ಕಂಡ ರೈತನ ದುಡ್ಡು ಮತ್ತು ನೀರು ಕಾಣದ ರೈತನ ಓಡಾಟ, ಎರಡೂ ಸೇರಿ. ಇವತ್ತು ಬೆಳಗಿನ ರೈಲಿನಲ್ಲಿ ನಿಂತುಕೊಂಡೇ ಬೆಂಗಳೂರಿಗೆ ನೌಕರಿಗೆ ಹೋಗಿ ರಾತ್ರಿ ಊರು ಸೇರುವ ಹುಡುಗರೂ ಅದೇ ಓಟವನ್ನು ಇನ್ನಷ್ಟು ದೂರ ಓಡುತ್ತಿದ್ದಾರೆ.

ಬೆಲ್ಲದ ಕಟ್ಟೆ, ಸಂಶೋಧನೆಯ ಗದ್ದೆ

ಕಾರ್ಖಾನೆಯೊಂದೇ ಕಬ್ಬಿಗೆ ದಾರಿಯಲ್ಲ. ಹಳ್ಳಿ ಹಳ್ಳಿಯಲ್ಲಿ ಆಲೆಮನೆ. ಕೊಪ್ಪರಿಗೆಯಲ್ಲಿ ಕುದಿದು ಅಚ್ಚಿಗೆ ಬಿದ್ದ ಬೆಲ್ಲ ಮಂಡ್ಯದ ಎ.ಪಿ.ಎಂ.ಸಿ. ಯಾರ್ಡಿಗೆ ಬರುತ್ತದೆ. ಅಚ್ಚು, ಬಕೆಟ್, ಬಾಕ್ಸ್, ಕುರಿಕಾಟು ಎಂದು ಬೆಲ್ಲದಲ್ಲೂ ಜಾತಿಗಳಿವೆ. ಕೇಂದ್ರ ಸರ್ಕಾರದ 'ಒಂದು ಜಿಲ್ಲೆ ಒಂದು ಉತ್ಪನ್ನ' ಪಟ್ಟಿಯಲ್ಲಿ ಮಂಡ್ಯದ ಪಾಲಿಗೆ ಬಂದಿರುವುದೂ ಬೆಲ್ಲವೇ. ಬೆಳ್ಳಗಿರುವ ಬೆಲ್ಲವೇ ಬೇಕೆನ್ನುವ ಗಿರಾಕಿ, ಬಣ್ಣಕ್ಕಾಗಿ ರಾಸಾಯನಿಕ ಸುರಿಯುವ ಆಲೆಮನೆ, ಇಬ್ಬರೂ ಸೇರಿ ಹೆಸರು ಕೆಡಿಸಿದ್ದೂ ಉಂಟು. ಕಪ್ಪು ಬೆಲ್ಲಕ್ಕೆ ಈಗ ಪೇಟೆಯವರೇ ಹೆಚ್ಚು ಬೆಲೆ ಕೊಟ್ಟು ಹುಡುಕುತ್ತಿರುವುದು ತಮಾಷೆ!

ಪಟ್ಟಣದ ಹೊರಗಿನ ವಿ.ಸಿ. ಫಾರಂ ಮಂಡ್ಯದವರೇ ಸರಿಯಾಗಿ ನೋಡದ ಹೆಗ್ಗುರುತು. 1931ರಲ್ಲಿ ಇರ್ವಿನ್ ನಾಲೆಯ ಫಾರಂ ಎಂದು ಶುರುವಾದ ಈ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ಕೆ.ಆರ್.ಎಚ್.–2 ಹೈಬ್ರಿಡ್ ಭತ್ತ ರಾಜ್ಯದ ಗಡಿ ದಾಟಿ ಹೆಸರು ಮಾಡಿತು. ಕಬ್ಬಿನಲ್ಲಿ ದಶಕಗಟ್ಟಲೆ ಇಲ್ಲಿ ಆಳಿದ್ದು ಕೊಯಮತ್ತೂರಿನ 62175 ತಳಿ. ಈಗ ಫಾರಂನವರದೇ ಆದ ವಿ.ಸಿ.ಎಫ್. 0517 ತಳಿಯೂ ಗದ್ದೆಗಿಳಿದಿದೆ. ಕಬ್ಬಿನ ತಳಿಯನ್ನು ನಂಬರಿನಿಂದಲೇ ಗುರುತಿಸುವ ಜನ ಇವರು!

ಬರೀ ಕಬ್ಬಲ್ಲ

ಮಂಡ್ಯ ಎಂದರೆ ಕಬ್ಬು ಮತ್ತು ಗಲಾಟೆ ಎಂದು ತಿಳಿದವರಿಗೆ ಕೊರತೆಯಿಲ್ಲ. ಅಂಥವರು ಜಿಲ್ಲೆಯನ್ನು ಸುತ್ತಿ ನೋಡಬೇಕು. ಮೈಸೂರು ಮಲ್ಲಿಗೆಯ ಕವಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ್ದು ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ. ಎ.ಎನ್. ಮೂರ್ತಿರಾಯರು ಅದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರು. ಪು.ತಿ.ನ. ಮೇಲುಕೋಟೆಯವರು. ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು ನಾಗಮಂಗಲ ತಾಲ್ಲೂಕಿನವರು. ರೋಗಿಗಳ ನಾಡಿ ಹಿಡಿಯುತ್ತಲೇ ಬಡವರ ಕತೆ ಬರೆದ ಡಾ. ಬೆಸಗರಹಳ್ಳಿ ರಾಮಣ್ಣ ಮದ್ದೂರು ತಾಲ್ಲೂಕಿನವರು.

ಕನ್ನಡ ಸಾಹಿತ್ಯ ಸಮ್ಮೇಳನ ಮಂಡ್ಯದಲ್ಲಿ ಮೂರು ಸಲ ನಡೆದಿದೆ. 1974ರಲ್ಲಿ ಜಯದೇವಿತಾಯಿ ಲಿಗಾಡೆ, 1994ರಲ್ಲಿ ಚದುರಂಗ, 2024ರ ಡಿಸೆಂಬರಿನಲ್ಲಿ ಗೊ.ರು. ಚನ್ನಬಸಪ್ಪ ಅಧ್ಯಕ್ಷರು. ಮೂರನೆಯದರಲ್ಲಿ ಊಟಕ್ಕೆ ಬಾಡೂಟವೂ ಬೇಕೆಂಬ ಕೂಗು ಎದ್ದು ರಾಜ್ಯವೆಲ್ಲ ಅದೇ ಮಾತಾಯಿತು. ಮುದ್ದೆ, ಬಸ್ಸಾರು, ಉಪ್ಸಾರು, ಹಬ್ಬಕ್ಕೆ ಬಾಡು ಎನ್ನುವ ಸೀಮೆಯಲ್ಲಿ ಆ ಪ್ರಶ್ನೆ ಏಳದಿದ್ದರೆ ಆಶ್ಚರ್ಯ!

ಕಲಾಮಂದಿರದಲ್ಲಿ 'ಕುರುಕ್ಷೇತ್ರ' ಇದೆ ಎಂದರೆ ಸಾಕು, ಹಗಲು ಗದ್ದೆಯಲ್ಲಿ ಗುದ್ದಲಿ ಹಿಡಿದವರು ರಾತ್ರಿ ಗದೆ ಹಿಡಿಯುತ್ತಾರೆ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕಲಿತು, ಕೈಯಿಂದ ದುಡ್ಡು ಹಾಕಿ ದುರ್ಯೋಧನನಾಗುವ ಹುಚ್ಚು ಇಲ್ಲಿಯದು. ಸಂಕ್ರಾಂತಿಯ ಸಂಜೆ ಎತ್ತುಗಳಿಗೆ ಕಿಚ್ಚು ಹಾಯಿಸುವುದು, ಮಾರಿಹಬ್ಬದಲ್ಲಿ ಪೂಜಾ ಕುಣಿತ, ಸೋಮನ ಕುಣಿತ... ಟೀವಿ, ಮೊಬೈಲು ಬಂದರೂ ನಿಂತಿಲ್ಲ. ಇಲ್ಲಿಯ ಭಾಷೆಯೋ, ಕೇಳಿದವರಿಗೆ ಜಗಳ, ಆಡಿದವರಿಗೆ ಪ್ರೀತಿ. "ಏನ್ಲಾ ಮಗ, ಉಂಡ್ಯಾ?" ಎಂದರೆ ಅದಕ್ಕಿಂತ ಅಕ್ಕರೆ ಇನ್ನೊಂದಿಲ್ಲ. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ ಈ ಮಾತಿನ ಗತ್ತನ್ನು ಸಿನಿಮಾಕ್ಕೂ ಪಾರ್ಲಿಮೆಂಟಿಗೂ ಕೊಂಡೊಯ್ದರು. 2018ರ ನವೆಂಬರಿನಲ್ಲಿ ಅವರ ಪಾರ್ಥಿವ ಶರೀರ ಮಂಡ್ಯಕ್ಕೆ ಬಂದಾಗ ಜಿಲ್ಲೆಗೆ ಜಿಲ್ಲೆಯೇ ನೆರೆದಿತ್ತು.

ಓದಿನ ಬಾಗಿಲು ತೆರೆದವರಲ್ಲಿ ಮೊದಲು ನೆನೆಯಬೇಕಾದ್ದು ಕೆ.ವಿ. ಶಂಕರಗೌಡರನ್ನು. 1962ರಲ್ಲಿ ಶುರುವಾದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಹಳ್ಳಿ ಮಕ್ಕಳನ್ನು ಎಂಜಿನಿಯರು ಮಾಡಿತು. ಜನ ಅವರನ್ನು 'ನಿತ್ಯಸಚಿವ' ಎಂದೇ ಕರೆದರು.

ಪ್ರತಿಮೆಯ ಮುಂದೆ ಪ್ರತಿಭಟನೆ

ಗಲಾಟೆ ಎಂದೆವಲ್ಲ, ಅದಕ್ಕೂ ಚರಿತ್ರೆಯಿದೆ. 1938ರ ಏಪ್ರಿಲಿನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ನಿಷೇಧಾಜ್ಞೆ ಮುರಿದು ಟಿ. ಸಿದ್ದಲಿಂಗಯ್ಯನವರ ನೇತೃತ್ವದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಿದರು. ಸಂಸ್ಥಾನದ ಸ್ವಾತಂತ್ರ್ಯ ಚಳವಳಿಗೆ ಕಿಡಿ ಬಿದ್ದದ್ದು ಇಲ್ಲಿ. ಅಲ್ಲಿನ ಸತ್ಯಾಗ್ರಹ ಸೌಧ ಹಳೇ ರಸ್ತೆಯ ಬಸ್ಸಿನಲ್ಲಿ ಹೋಗುವವರ ಕಣ್ಣಿಗೆ ಬೀಳುತ್ತದೆ.

ಆಮೇಲಿನದು ಕಾವೇರಿ. 1991ರಲ್ಲಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ಬಂದಾಗಿನಿಂದ 2002, 2012, 2016, 2023... ಮಳೆ ಕೈಕೊಟ್ಟ ವರ್ಷವೆಲ್ಲ ಸಂಜಯ ವೃತ್ತದಲ್ಲಿ ರಸ್ತೆ ತಡೆ, ಸರ್ ಎಂ.ವಿ. ಪ್ರತಿಮೆಯ ಬಳಿ ಧರಣಿ. ನೀರು ತಂದವರ ಕಾಲಬುಡದಲ್ಲೇ ಕೂತು ನೀರು ಕೇಳುವುದು ಮಂಡ್ಯದ ಪದ್ಧತಿ. ಕಾವೇರಿ ಹೋರಾಟವೆಂದರೆ ಜಿ. ಮಾದೇಗೌಡರು, ರೈತ ಸಂಘವೆಂದರೆ ಕೆ.ಎಸ್. ಪುಟ್ಟಣ್ಣಯ್ಯನವರು. ಇಬ್ಬರೂ ಈಗಿಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ರಾಜ್ಯದ ಪಾಲನ್ನು 284.75 ಟಿಎಂಸಿಗೆ ಏರಿಸಿತು. ಕಾಗದದ ಮೇಲಿನ ಪಾಲು ಹೆಚ್ಚಿದರೂ ಮಳೆ ಬರದಿದ್ದರೆ ಕಟ್ಟೆಯಲ್ಲಿ ನೀರು ಹುಟ್ಟುವುದಿಲ್ಲ. 2023ರ ಬರದಲ್ಲಿ ಅದು ಮತ್ತೆ ಗೊತ್ತಾಯಿತು. 2025ರಲ್ಲಿ ಮಾತ್ರ ದೇವರು ಕಣ್ಣು ಬಿಟ್ಟ. ಜೂನ್ ತಿಂಗಳಲ್ಲೇ ಕಟ್ಟೆ 124.80 ಅಡಿ ಮುಟ್ಟಿ, ಜೂನ್ 30ರಂದು ಮುಖ್ಯಮಂತ್ರಿ ಬಾಗಿನ ಅರ್ಪಿಸಿದರು. ಜೂನಿನಲ್ಲಿ ತುಂಬಿದ್ದು ಕಟ್ಟೆಯ ಚರಿತ್ರೆಯಲ್ಲೇ ಮೊದಲು.

ಅಂಗಡಿಗೂ ಗದ್ದೆಗೂ ಒಂದೇ ಖಾತೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪೇಟೆಯವರು ನೋಡಬೇಕಾದ್ದು ಹೆದ್ದಾರಿಯನ್ನೋ, ನಾಲೆಯನ್ನೋ?

ಕಬ್ಬು ಕಾರ್ಖಾನೆಗೆ ಹೋದ 14 ದಿನದೊಳಗೆ ರೈತನಿಗೆ ಹಣ ಕೊಡಬೇಕೆಂಬ ಕಾನೂನು 1966ರಿಂದಲೇ ಇದೆ. ಆ ಹದಿನಾಲ್ಕು ದಿನ ತಿಂಗಳುಗಟ್ಟಲೆ ಎಳೆದರೆ ಅತ್ತ ಗೊಬ್ಬರದ ಅಂಗಡಿಯ ಉದ್ರಿ ಪುಸ್ತಕವೂ ಬೆಳೆಯುತ್ತದೆ. ಬಟ್ಟೆ ಅಂಗಡಿಯಲ್ಲಿ ಮದುವೆ ಜವಳಿ ನಿಲ್ಲುತ್ತದೆ, ಗಿರವಿ ಅಂಗಡಿಯಲ್ಲಿ ಮಾತ್ರ ಕ್ಯೂ. 2015ರಲ್ಲಿ ಬಾಕಿ, ಬೆಲೆ ಕುಸಿತ, ಸಾಲ ಮೂರೂ ಸೇರಿ ಜಿಲ್ಲೆಯ ಎಷ್ಟೋ ರೈತರ ಪ್ರಾಣವನ್ನೇ ತೆಗೆದುಕೊಂಡವು. ಆ ವರ್ಷದ ಸಂಕಟವನ್ನು ಮಂಡ್ಯ ಮರೆತಿಲ್ಲ, ಮರೆಯಲೂಬಾರದು.

ಮೈಷುಗರ್‌ದೂ ಅದೇ ಗೋಳು. ನಷ್ಟದ ಮೇಲೆ ನಷ್ಟವಾಗಿ ಕೆಲವು ವರ್ಷ ಅರೆಯುವುದೇ ನಿಂತಿತ್ತು. ಖಾಸಗಿಗೆ ಗುತ್ತಿಗೆ ಕೊಡುವ ಮಾತು ಬಂದಾಗ ಜನ ಬೀದಿಗಿಳಿದರು. 2020ರಲ್ಲಿ ಪಾಂಡವಪುರದ ಸಹಕಾರಿ ಕಾರ್ಖಾನೆ ಖಾಸಗಿಯವರ ಗುತ್ತಿಗೆಗೆ ಹೋದದ್ದು ಅವರ ಕಣ್ಣ ಮುಂದೆಯೇ ಇತ್ತು. ಕೊನೆಗೆ 2022ರಲ್ಲಿ ಸರ್ಕಾರದ ಒಡೆತನದಲ್ಲೇ ಮೈಷುಗರ್ ಗಾಣ ಮತ್ತೆ ತಿರುಗಿತು. ಹಳೇ ಯಂತ್ರ, ಹಳೇ ಸಾಲ ಎಲ್ಲ ಇದ್ದರೂ ಚಿಮಣಿಯಲ್ಲಿ ಹೊಗೆ ಕಂಡ ದಿನ ಊರಿಗೆ ಹಬ್ಬ.

ಹೆದ್ದಾರಿಯಲ್ಲಿ ಬರುತ್ತಿದ್ದ ಗಿರಾಕಿ ದಾರಿಹೋಕ. ಕಾಫಿ ಕುಡಿದು, ವಡೆ ಕಟ್ಟಿಸಿಕೊಂಡು ಹೋದ, ಮತ್ತೆ ಸಿಕ್ಕಾನು, ಸಿಗದೇ ಇದ್ದಾನು. ಬಸರಾಳು, ದುದ್ದ, ಕೀಲಾರ, ಕೊತ್ತತ್ತಿ ಕಡೆಯಿಂದ ಬಸ್ಸಿಳಿದು ಚೀಲ ಹಿಡಿದು ಬರುವ ಗಿರಾಕಿ ಮೂರು ತಲೆಮಾರಿನವನು. ಅವನಪ್ಪನ ಲೆಕ್ಕ ಇವರಪ್ಪನ ಪುಸ್ತಕದಲ್ಲಿತ್ತು. 2023ರ ಆಗಸ್ಟ್ 1ರಿಂದ ದಶಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಓಡಿಸುವಂತಿಲ್ಲ. ಅಂದರೆ ಆ ರಸ್ತೆ ಮಂಡ್ಯದ ರೈತನಿಗಾಗಿ ಮಾಡಿದ್ದಲ್ಲ. ಹಳೇ ರಸ್ತೆ ಈಗ ಅವನದು, ಊರಿನವರದು.

ಹಾಗಾದರೆ ಪೇಟೆಯವರು ಕೇಳಬೇಕಾದ್ದೇನು? ಹಳ್ಳಿ ಬಸ್ಸು ಹೊತ್ತಿಗೆ ಸರಿಯಾಗಿ ಬರಲಿ. ಬೆಲ್ಲದ ಯಾರ್ಡಿನಲ್ಲಿ ತೂಕ, ಬೆಲೆ ಸರಿಯಿರಲಿ. ಮೈಷುಗರ್ ಹೊತ್ತಿಗೆ ಸರಿಯಾಗಿ ಕಬ್ಬು ಅರೆಯಲಿ, ಹದಿನಾಲ್ಕು ದಿನದ ಮಾತು ಉಳಿಯಲಿ. ನಾಲೆಯ ಕೊನೆ ಭಾಗಕ್ಕೂ ನೀರು ಮುಟ್ಟಲಿ. ಇದು ರೈತ ಸಂಘದ ಬೇಡಿಕೆ ಪಟ್ಟಿ ಎಂದು ಅಂಗಡಿಯವರು ಪಕ್ಕಕ್ಕಿಟ್ಟರೆ ನಷ್ಟ ಅವರದೇ. ಗದ್ದೆ ಒಣಗಿದ ವರ್ಷ ಪೇಟೆ ಬೀದಿಯಲ್ಲಿ ಯಾವ ಅಂಗಡಿ ಉದ್ಧಾರವಾಗಿದೆ?

ಮಂಡ್ಯದ ಬಸ್ಸಿನಲ್ಲಿ ಇಬ್ಬರು ಪರಿಚಯಸ್ಥರು ಸಿಕ್ಕರೆ ಯೋಗಕ್ಷೇಮದ ನಂತರದ ಮಾತು ಒಂದೇ: "ಕಟ್ಟೇಲಿ ಎಷ್ಟಡಿ ಐತಂತೆ?" ಅದನ್ನು ಕೇಳುವವನು ರೈತನೇ ಆಗಿರಬೇಕಿಲ್ಲ. ಬಟ್ಟೆ ಅಂಗಡಿಯವನೂ ಕೇಳುತ್ತಾನೆ, ಹೋಟೆಲಿನವನೂ ಕೇಳುತ್ತಾನೆ. ಕೇಳಲೇಬೇಕು.